ಹಿಡಿಕೆಯಿಲ್ಲದ ಗಾಲಿಕುರ್ಚಿ

ಒಂದು ಭಾನುವಾರ ಅವ್ವನ ಫೋನು ಕೈಗೆ ತಗೊಂಡು ಕೂತಿದ್ದ ಕೀರ್ತಿ, ಅವ್ವ ದಿನಕ್ಕೆ ಹದಿನೆಂಟು ಕಿಲೋಮೀಟರು ನಡೆಯುತ್ತಾಳೆಂದು ಕಂಡುಹಿಡಿದಳು. ಯಲಹಂಕ ಹಳೇ ಟೌನಿನ ಅವರ ಬಾಡಿಗೆ ಮನೆಯಿಂದ ಹೊರಟರೆ ಯಶವಂತಪುರ ದಾಟಿ ಹೋಗಬಹುದಾದಷ್ಟು ದೂರ. ಅಷ್ಟನ್ನೂ ದಾಕ್ಷಾಯಣಿ ಒಂದೇ ಕಟ್ಟಡದೊಳಗೆ, ಮುಖ ಕಾಣುವಂಥ ನುಣುಪು ನೆಲದ ಮೇಲೆ, ಮುಂದೆ ಯಾರನ್ನೋ ಕೂರಿಸಿಕೊಂಡು ತಳ್ಳುತ್ತ ನಡೆಯುತ್ತಿದ್ದಳು.

ಅವಳು ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಅಟೆಂಡರ್. ಮದುವೆಯಾಗಿ ನರೇಗಲ್ಲಿನಿಂದ ಬಂದ ಹೊಸದರಲ್ಲಿ ಒಂಬತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿದವಳು. ಕೂತು ಕೂತು ಬೆನ್ನು ಹಿಡಿದುಕೊಂಡಾಗ, ನಡೆದಾಡುವ ಕೆಲಸ ಸಿಕ್ಕರೆ ಸಾಕಪ್ಪಾ ಎಂದಿದ್ದಳು. ಸಿಕ್ಕಿತು. ಈಗ ನಲವತ್ತೆರಡರ ವಯಸ್ಸಿಗೆ ಹಿಮ್ಮಡಿ ನೋವು ಹಿಡಿದು, ಬೆಳಿಗ್ಗೆ ಮಂಚದಿಂದ ಇಳಿದ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ಇಡುವಂತಾಗಿತ್ತು. ಗಂಡ ಶಿವಪ್ರಕಾಶ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. "ಬ್ಯಾರೆ ಕೆಲಸ ನೋಡು" ಎಂದು ಅವನು ಹೇಳುತ್ತಿದ್ದ. ಬೇರೆ ಕೆಲಸ ಯಾವುದು ಎಂದು ಅವನೂ ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ.

ಆರು ಗಂಟೆಗೆ ಶಿಫ್ಟು ಶುರು. ನೀಲಿ ಕೋಟು ಹಾಕಿಕೊಂಡು ಸಾಲಾಗಿ ನಿಲ್ಲಿಸಿದ ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡರೆ ಮೂರರವರೆಗೆ ಬಿಡುವಿಲ್ಲ. ಕುರ್ಚಿ ಕೇಳುವವರಲ್ಲಿ ಎಲ್ಲ ತರಹದವರೂ ಇದ್ದರು. ಮಂಡಿ ಸವೆದ ಅಜ್ಜಿಯರು, ಆಪರೇಷನ್ನಿಗೆಂದು ಬಂದವರು, ಅಷ್ಟುದ್ದ ದಾರಿ ನೋಡಿಯೇ ಎದೆ ಹೊಡೆದುಕೊಂಡವರು. ಕ್ಯೂ ತಪ್ಪಿಸಿಕೊಳ್ಳಲು ಕೂತು, ಆಚೆ ಬಾಗಿಲು ಬಂದ ಕೂಡಲೇ ಎದ್ದು ಸೂಟ್‌ಕೇಸು ಎಳೆದುಕೊಂಡು ದಡದಡ ನಡೆದು ಹೋಗುವವರೂ ಇದ್ದರು. ದಾಕ್ಷಾಯಣಿ ಯಾರನ್ನೂ ಅಳೆಯಲು ಹೋಗುತ್ತಿರಲಿಲ್ಲ. ಅಳೆಯುವುದಕ್ಕೂ ತ್ರಾಣ ಬೇಕು.

ಅವಳ ಸೂಪರ್‌ವೈಸರ್ ವಿಜಯ್ ಕುಮಾರ್ ಬಾಗಲೂರು ಕಡೆಯ ಹಳೇ ಊರಿನವನು, ಅವಳಿಗಿಂತ ಎಂಟು ವರ್ಷ ಚಿಕ್ಕವನು. 'ಅಕ್ಕ' ಎಂದೇ ಕರೆಯುತ್ತಿದ್ದ. ಕೆಟ್ಟವನಲ್ಲ. ಹಬ್ಬದ ದಿನ ಹೆಂಗಸರಿಗೆ ಬೇಗ ಬಿಡುತ್ತಿದ್ದ, ಯಾರಿಗಾದರೂ ತಲೆ ಸುತ್ತಿದರೆ ತಾನೇ ಕುರ್ಚಿ ತಳ್ಳಲು ನಿಲ್ಲುತ್ತಿದ್ದ. ಆದರೆ ವಿಮಾನವೊಂದು ತಡವಾಯಿತೆಂದರೆ ಆ ತಡ ಯಾರದೋ ಹೆಸರಿಗೆ ಬೀಳಲೇಬೇಕು. ಅದು ತನ್ನ ಹೆಸರಿಗೆ ಬೀಳದಂತೆ ನೋಡಿಕೊಳ್ಳುವುದರಲ್ಲೇ ಅವನ ದಿನ ಮುಗಿಯುತ್ತಿತ್ತು.

ಮಾರ್ಚಿ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಪುಣೆಯಿಂದ ವಿಮಾನ ಬಂತು. ಅದೊಂದರಲ್ಲೇ ಹದಿನಾಲ್ಕು ಜನ ಕುರ್ಚಿ ಕೇಳಿದ್ದರು. ಇದ್ದ ಅಟೆಂಡರುಗಳು ಆರು. ದಾಕ್ಷಾಯಣಿ ಎರಡು ಸಲ ಹೋಗಿ ಬಂದಳು. ಮೂರನೇ ಸಲ ಬಂದಾಗ ವಿಮಾನ ಖಾಲಿಯಾಗಿತ್ತು. ಕಸ ಗುಡಿಸುವವರು ಹಿಂದಿನ ಬಾಗಿಲಿಂದ ಹತ್ತಿ ಚೀಲಕ್ಕೆ ಕುಡಿದೆಸೆದ ಕಪ್ಪುಗಳನ್ನು ತುಂಬುತ್ತಿದ್ದರು. ಮುಂದಿನಿಂದ ಮೂರನೇ ಸಾಲಿನ ಕಿಟಕಿಯ ಪಕ್ಕ ಒಬ್ಬ ಹೆಂಗಸು ಮಾತ್ರ ಉಳಿದಿದ್ದರು. ಮೂವತ್ತೈದು ಮೂವತ್ತಾರರ ವಯಸ್ಸು, ಗಿಡ್ಡಗೆ ಕತ್ತರಿಸಿದ ಕೂದಲು, ತೊಡೆಯ ಮೇಲೆ ಲ್ಯಾಪ್‌ಟಾಪ್ ಬ್ಯಾಗು. ಹೆಸರು ಸಂಯುಕ್ತಾ ಎಂದು ದಾಕ್ಷಾಯಣಿಯ ಚೀಟಿಯಲ್ಲಿತ್ತು.

ಜೊತೆಗೆ ಬಂದಿದ್ದ ಇನ್ನೊಬ್ಬ ಅಟೆಂಡರ್ ಮೊಯಿನುದ್ದೀನ್ ಸೀಟುಗಳ ನಡುವೆ ತೂರುವ ಸಣ್ಣ ಕುರ್ಚಿಯನ್ನು ಒಳಗೆ ತಂದು ನಿಲ್ಲಿಸಿದ. ಅದರಲ್ಲಿ ಕೂರಿಸಿ ಬಾಗಿಲಿನವರೆಗೆ ತಂದು, ಅಲ್ಲಿಂದ ದೊಡ್ಡ ಕುರ್ಚಿಗೆ ಬದಲಿಸುವುದು ಪದ್ಧತಿ.

"ನನ್ನ ಚೇರ್ ಬಂತಾ?" ಸಂಯುಕ್ತಾ ಕೇಳಿದರು.

ದಾಕ್ಷಾಯಣಿ ಬಾಗಿಲ ಕಡೆ ತಿರುಗಿ ನೋಡಿದಳು. ಅಲ್ಲಿದ್ದದ್ದು ಅವಳೇ ತಳ್ಳಿಕೊಂಡು ಬಂದ ನಿಲ್ದಾಣದ ಕುರ್ಚಿ. "ನಿಮ್ದು ಲಗೇಜ್ ಬೆಲ್ಟಿಗೆ ಹೋಗ್ಬಿಟ್ಟಿದೆ ಅಂತೆ ಮೇಡಂ. ಇದ್ರಲ್ಲಿ ಬನ್ನಿ, ಕೆಳಗೆ ಹೋದ್ ಕೂಡ್ಲೆ ತಗೊಳ್ಳೋಣ. ಹತ್ತೇ ನಿಮಿಷ."

"ಇಲ್ಲಿ ನೋಡಿ." ಸಂಯುಕ್ತಾ ಟಿಕೆಟಿನ ಜೊತೆಗಿದ್ದ ಟ್ಯಾಗಿನ ಚೂರು ತೋರಿಸಿದರು. "ವಿಮಾನದ ಬಾಗಿಲಿಗೇ ತಂದ್ಕೊಡ್ಬೇಕು ಅಂತ ಪುಣೇಲೇ ಬರೆಸಿದೀನಿ. ಅದು ಬರೋವರೆಗೂ ನಾನು ಇಲ್ಲೇ ಇರ್ತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ಸಲ ಹೇಳಿ ಸವೆದುಹೋದ ಮಾತನ್ನು ಇನ್ನೊಂದು ಸಲ ಹೇಳಿದಂತಿತ್ತು. ದಾಕ್ಷಾಯಣಿಗೆ ಗಂಟೆ ಎರಡಾದದ್ದು ಗೊತ್ತಿತ್ತು. ಮೂರೂವರೆಗೆ ಸ್ಟಾಫ್ ಬಸ್ಸು. ಅದು ತಪ್ಪಿದರೆ ಹೆಬ್ಬಾಳದವರೆಗೆ ನಿಂತುಕೊಂಡು ಹೋಗಿ ಅಲ್ಲಿಂದ ಹಿಂದಕ್ಕೆ ಬರುವ ಪಾಡು. ಮೂರು ಹೆಜ್ಜೆಗೊಮ್ಮೆ ಚುಚ್ಚುವ ಹಿಮ್ಮಡಿ ಈಗ ನಿಂತಲ್ಲೇ ಚುಚ್ಚುತ್ತಿತ್ತು.

"ಮೇಡಂ, ನಾನೇ ಕೈ ಮುಗಿದು ಕೇಳ್ಕೋತೀನಿ. ಇದೂ ಕುರ್ಚೀನೇ ಅಲ್ವಾ?"

ಸಂಯುಕ್ತಾ ಅವಳ ಮುಖವನ್ನೊಮ್ಮೆ ನೋಡಿದರು. "ಕೂತ್ಕೊಳ್ಳಿ" ಎಂದರು.

"ಆಂ?"

"ಈ ಸೀಟಲ್ಲಿ ಕೂತ್ಕೊಳ್ಳಿ. ಹೇಗಿದ್ರೂ ಕಾಯ್ಬೇಕು. ನಿಮಗೆ ಕಾಲು ನೋಯ್ತಿದೆ."

ಪ್ರಯಾಣಿಕರ ಸೀಟಿನಲ್ಲಿ ಕೂರುವಂತಿರಲಿಲ್ಲ. ದಾಕ್ಷಾಯಣಿ ಕೂರಲಿಲ್ಲ, ಸೀಟಿನ ತೋಳಿಗೆ ಸೊಂಟ ಆನಿಸಿ ನಿಂತಳು. ಆಗ ಸಂಯುಕ್ತಾ ವಿಷಯ ಹೇಳಿದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಹೆಬ್ಬಾಳ ಫ್ಲೈಓವರ್ ಮೇಲೆ ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಆರ್.ಟಿ. ನಗರದಲ್ಲಿ ಮನೆ, ಮತ್ತಿಕೆರೆಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ. ಪರೀಕ್ಷಕಿಯಾಗಿ ಪುಣೆಗೆ ಹೋಗಿದ್ದರು.

"ಹೋದ ವರ್ಷಾನೂ ಹತ್ತು ನಿಮಿಷ ಅಂದ್ರು. ಇಂಥ ಕುರ್ಚೀಲೇ ಕೂತೆ. ಅದ್ರ ರೆಕ್ಸಿನ್ ತೊಟ್ಟಿಲ ಥರ ಜೋತು ಬಿದ್ದಿತ್ತು. ಕಂಬದ ಪಕ್ಕ ನಿಲ್ಸಿ, ಈಗ್ ಬಂದೆ ಅಂತ ಒಬ್ರು ಹೋದ್ರು. ನಿಮ್ ಕುರ್ಚಿ ಚಕ್ರ ಇಷ್ಟೇ ಇಷ್ಟಿರತ್ತಲ್ಲ, ಕೂತವರು ತಾವಾಗೇ ತಳ್ಕೊಳಕ್ಕೆ ಆಗಲ್ಲ. ಬಾತ್‌ರೂಮಿಗೂ ಹೋಗಕ್ಕಾಗಲ್ಲ. ಒಂದೂಮುಕ್ಕಾಲು ಗಂಟೆ. ನೋವಾಗಿದ್ರೆ ಕೂಗ್ತಿದ್ದೆ. ನನಗೆ ನೋವೇ ಗೊತ್ತಾಗಲ್ವಲ್ಲ. ಮನೆಗೆ ಹೋಗಿ ನೋಡಿದ್ರೆ ಹಿಂದುಗಡೆ ಅಂಗೈ ಅಗಲ ಕೆಂಪಾಗಿತ್ತು. ಆಮೇಲೆ ಅದು ಗಾಯ ಆಯ್ತು, ಗುಂಡಿ ಬಿತ್ತು. ನಾಲ್ಕು ತಿಂಗಳು ಬೋರಲು ಮಲಗಿದ್ದೆ. ಪಾಠ ಇಲ್ಲ, ಏನೂ ಇಲ್ಲ. ನನ್ನ ಚೇರಿನ ದಿಂಬು ಬೇರೆ, ಅದ್ರೊಳಗೆ ಗಾಳಿ ಇರತ್ತೆ. ಪುಣೇಲಿ ಅವಸರಕ್ಕೆ ದಿಂಬಿನ ಸಮೇತ ಎತ್ಕೊಂಡು ಹೋಗ್ಬಿಟ್ರು."

ಕಂಬದ ಪಕ್ಕ ನಿಲ್ಲಿಸಿ 'ಈಗ್ ಬಂದೆ' ಎಂದು ಹೋಗುವುದನ್ನು ದಾಕ್ಷಾಯಣಿಯೂ ಮಾಡಿದ್ದಳು. ಹತ್ತು ಸಲವಲ್ಲ, ನೂರು ಸಲವಲ್ಲ, ದಿನಾ ಮಾಡುತ್ತಿದ್ದಳು. ಆರು ಜನ ಹದಿನಾಲ್ಕು ಕುರ್ಚಿ ತಳ್ಳಬೇಕೆಂದರೆ ಇನ್ನೇನು ಮಾಡುವುದು? ಅವರಲ್ಲಿ ಎಷ್ಟು ಜನಕ್ಕೆ ಮನೆಗೆ ಹೋದ ಮೇಲೆ ಏನಾಗಿತ್ತೋ. ಹಿಂತಿರುಗಿ ನೋಡಿದವಳಲ್ಲ.

ಎರಡೂ ಇಪ್ಪತ್ತಕ್ಕೆ ವಿಜಯ್ ಕುಮಾರ್ ತಾನೇ ಬಂದ. ಬೆವತಿದ್ದ. ಗೇಟಿನಲ್ಲಿ ಮುಂದಿನ ವಿಮಾನದವರು ಎದ್ದು ಸಾಲು ನಿಂತಿದ್ದರು. ಮೊದಲು ಸಂಯುಕ್ತಾಗೆ ಇಂಗ್ಲಿಷಿನಲ್ಲಿ ವಿನಯದಿಂದ ಹೇಳಿದ, ಆಮೇಲೆ ಕನ್ನಡದಲ್ಲಿ ಸ್ವಲ್ಪ ಕಮ್ಮಿ ವಿನಯದಿಂದ ಹೇಳಿದ. ಅವರು ಎರಡಕ್ಕೂ ಒಂದೇ ಉತ್ತರ ಕೊಟ್ಟರು: "ಇಷ್ಟೊತ್ತಿಗೆ ನನ್ನ ಚೇರ್ ತರಿಸ್ಬಹುದಿತ್ತು ನೀವು."

ವಿಜಯ್ ಕುಮಾರ್ ದಾಕ್ಷಾಯಣಿಯನ್ನೂ ಮೊಯಿನುದ್ದೀನನನ್ನೂ ಬಾಗಿಲ ಹತ್ತಿರ ಕರೆದ. ಅವಸರದಲ್ಲಿ ಅವನ ಊರಿನ ಮಾತು ಹೊರಬರುತ್ತಿತ್ತು. "ಇಂಗ್ ನಿಂತ್ರೆ ಎಂಗಕ್ಕಾ? ನೀನ್ ಆ ಕಡೆ ಕಂಕುಳ ಹಿಡ್ಕೋ, ಇವ್ನು ಕಾಲು ಹಿಡ್ಕೊಳ್ಳಿ. ಎತ್ತಿ ಕೂರ್ಸಿ, ಅಷ್ಟೇ. ಎಳ್ಕೊಂಡ್ ಓಗಾದು ನಾನ್ ನೋಡ್ಕೋತೀನಿ."

ಅದು ಸಂಯುಕ್ತಾಗೂ ಕೇಳಿಸಿತು. "ನನ್ನ ಮುಟ್ಬೇಡಿ" ಎಂದರು. ಕೂಗಲಿಲ್ಲ. ಆದರೆ ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಹಿಡಿದುಕೊಂಡರು.

ಮೊಯಿನುದ್ದೀನ್ ದಾಕ್ಷಾಯಣಿಯ ಮುಖ ನೋಡಿದ. ಅವಳು ಕದಲಲಿಲ್ಲ. ಆಮೇಲೆ ಅದನ್ನು ನೆನೆದಾಗಲೆಲ್ಲ, ತಾನು ಧೈರ್ಯದಿಂದ ನಿಂತೆನೋ ಅಥವಾ ಸುಸ್ತಾಗಿ ಕೈ ಏಳಲಿಲ್ಲವೋ ಅವಳಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. "ಅವ್ರು ಬ್ಯಾಡ ಅನ್ನಾಕತ್ತಾರ್ರಿ ಸರ್" ಎಂದಷ್ಟೇ ಅಂದಳು. ನಿಲ್ದಾಣಕ್ಕೆ ಸೇರಿದ ಎಂಟು ವರ್ಷದಲ್ಲಿ ಕೆಲಸದ ಜಾಗದಲ್ಲಿ ಅವಳ ಊರಿನ ಮಾತು ಬಾಯಿಗೆ ಬಂದದ್ದು ಅದೇ ಮೊದಲು.

ವಿಜಯ್ ಕುಮಾರ್ ಒಂದು ಕ್ಷಣ ಅವಳನ್ನೇ ನೋಡಿ, ವಾಕಿ ಟಾಕಿ ಬಾಯಿಗಿಟ್ಟುಕೊಂಡು ಹೊರಗೆ ಹೋದ.

ಕುರ್ಚಿ ಬಂದದ್ದು ಮೂರಕ್ಕೆ ಹತ್ತು ನಿಮಿಷ ಇರುವಾಗ. ಸಾಮಾನು ಇಳಿಸುವವನೊಬ್ಬ ಹೆಗಲ ಮೇಲೆ ಹೊತ್ತು ತಂದ. ದಾಕ್ಷಾಯಣಿ ಅಂಥದ್ದನ್ನು ಹತ್ತಿರದಿಂದ ನೋಡಿರಲಿಲ್ಲ. ಹಗುರ, ಸಣ್ಣದು, ಬೆನ್ನಿನ ಆಸರೆ ಮೊಳದುದ್ದವೂ ಇಲ್ಲ. ತಳ್ಳೋಣವೆಂದು ಕೈ ಹಾಕಿದರೆ ಹಿಂದೆ ಹಿಡಿಕೆಯೇ ಇರಲಿಲ್ಲ.

"ಬೇಕು ಅಂತಲೇ ಹಾಕಿಸಿಲ್ಲ" ಎಂದರು ಸಂಯುಕ್ತಾ. "ಇದ್ರೆ ಬಸ್ ಸ್ಟಾಪಲ್ಲಿ, ಬ್ಯಾಂಕಲ್ಲಿ, ಯಾರ್ಯಾರೋ ಕೇಳ್ದೇನೇ ಹಿಡ್ಕೊಂಡು ತಳ್ಕೊಂಡು ಹೋಗ್ತಾರೆ."

ಎಡಗಡೆ ಚಕ್ರ ಸೊಟ್ಟಗಾಗಿತ್ತು. ಎಲ್ಲೋ ಭಾರದ ಪೆಟ್ಟಿಗೆಯ ಕೆಳಗೆ ಸಿಕ್ಕಿದ್ದಿರಬೇಕು. ಅದನ್ನು ನೋಡಿ ಸಂಯುಕ್ತಾ ಕಣ್ಣು ಮುಚ್ಚಿ ತೆರೆದರು, ಅಷ್ಟೇ. ಸಣ್ಣ ಕುರ್ಚಿಗೆ ಹೇಗೆ ಬದಲಿಸಬೇಕೆಂದು ಅವರು ಒಂದೊಂದಾಗಿ ಹೇಳಿದರು, ದಾಕ್ಷಾಯಣಿ ಹಾಗೇ ಮಾಡಿದಳು. ಮೊಣಕಾಲ ಕೆಳಗೆ ಕೈ, ಮೂರು ಎಣಿಸಿ, ಸರಿಸಿ. ಬಾಗಿಲಲ್ಲಿ ತಮ್ಮ ಕುರ್ಚಿಗೆ ಬಂದ ಮೇಲೆ ಅವರು ತಾವೇ ಚಕ್ರ ತಿರುಗಿಸುತ್ತ ಹೊರಟರು. ಒಂದೊಂದು ಸುತ್ತಿಗೂ ಕುರ್ಚಿ ಎಡಕ್ಕೆ ವಾಲುತ್ತಿತ್ತು, ಅವರು ಸರಿಮಾಡುತ್ತಿದ್ದರು. ಬ್ಯಾಗು ಹಿಡಿದು ಪಕ್ಕದಲ್ಲಿ ನಡೆದ ದಾಕ್ಷಾಯಣಿಗೆ ಖಾಲಿ ಕೈಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಟ್ಯಾಕ್ಸಿ ಹತ್ತುವಾಗ ಸಂಯುಕ್ತಾ ಅವಳ ಹೆಸರು ಕೇಳಿ ಬರೆದುಕೊಂಡರು.

ಆಫೀಸಿಗೆ ಹೋದಾಗ ಮೂರೂ ಇಪ್ಪತ್ತು. ವಿಜಯ್ ಕುಮಾರ್ ಕಂಪ್ಯೂಟರಿನಲ್ಲಿ ಬರೆದ ಒಂದು ಹಾಳೆ ಮುಂದಿಟ್ಟ. "ಸೈನ್ ಆಕಕ್ಕಾ. ಐವತ್ತೈದು ನಿಮಿಷ ಡಿಲೇ. ಪ್ಯಾಸೆಂಜರ್ ತಪ್ಪು ಅಂತ ತೋರಿಸ್ಲಿಲ್ಲ ಅಂದ್ರೆ ನಮ್ ಆರ್ ಜನದ ಮೇಲೂ ಬರತ್ತೆ."

ಹಾಳೆ ಇಂಗ್ಲಿಷಿನಲ್ಲಿತ್ತು. ನರೇಗಲ್ಲಿನಲ್ಲಿ ಕನ್ನಡ ಮೀಡಿಯಂ ಎಸ್ಸೆಸ್ಸೆಲ್ಸಿ ಮಾಡಿದ ದಾಕ್ಷಾಯಣಿ ಅಕ್ಷರ ಕೂಡಿಸಿಕೊಂಡು ಓದಬಲ್ಲಳು, ಹೊತ್ತು ಬೇಕು. ಒಂದು ಪದದ ಹತ್ತಿರ ಕಣ್ಣು ನಿಂತಿತು. ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಸೈನು ಹಾಕಿದಳು.

ಮನೆಗೆ ಬಂದು ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಕೂತಾಗ ಆ ಪದ ಮತ್ತೆ ನೆನಪಾಯಿತು.

"ಕೀರ್ತೀ, ಅಬ್ಯೂಸಿವ್ ಅಂದ್ರ ಏನವ್ವಾ?"

"ಬೈಗುಳ. ಹೊಲಸ್ ಹೊಲಸ್ ಮಾತಾಡಿದ್ರು ಅಂತ. ಯಾಕ?"

"ಯಾಕಿಲ್ಲ."

ಶಿವಪ್ರಕಾಶ ಬಂದ ಮೇಲೆ ಅವನಿಗೆ ಎಲ್ಲ ಹೇಳಿದಳು. ಅವನು ಊಟ ಮಾಡುತ್ತ ಕೇಳಿದ. "ಆತು ಬಿಡು. ದಿನಕ್ಕ ಎಷ್ಟ್ ಹಾಳಿ ಬರೀತಾರ, ಯಾರ್ ಓದ್ತಾರ?" ಎಂದ. ಅವಳಿಗೂ ಹಾಗೇ ಅನಿಸಿತು, ಅಥವಾ ಹಾಗೆ ಅನಿಸಲೆಂದು ಬಯಸಿದಳು. ಮರುದಿನ ಮತ್ತೆ ಆರಕ್ಕೆ ಶಿಫ್ಟು.

ಆ ಹಾಳೆಯನ್ನು ಓದುವವರು ಇದ್ದರು. ಚಕ್ರ ಸೊಟ್ಟಗಾದ ಬಗ್ಗೆ ಸಂಯುಕ್ತಾ ಬರೆದ ದೂರಿಗೆ ವಿಮಾನ ಕಂಪನಿ ಉತ್ತರ ಕೊಟ್ಟಿತು. ಅದರಲ್ಲಿ, ತಾವು ಸಿಬ್ಬಂದಿಯನ್ನು ಅಸಭ್ಯವಾಗಿ ನಿಂದಿಸಿದ್ದಕ್ಕೆ ಅಟೆಂಡರಿನ ಸಹಿಯಿರುವ ಹೇಳಿಕೆ ಇದೆ, ಇನ್ನು ಮುಂದೆ ತಾವು ಜೊತೆಗೊಬ್ಬರನ್ನು ಕರೆತಂದರೆ ಮಾತ್ರ ಹತ್ತಿಸಿಕೊಳ್ಳಲಾಗುವುದು ಎಂದಿತ್ತು. ಸಂಯುಕ್ತಾ ಒಬ್ಬರೇ ಓಡಾಡುವವರು. ಜೊತೆಗೆ ಬರಲು ಮನೆಯಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಅವರು ಕರೆದೊಯ್ಯುತ್ತಿರಲಿಲ್ಲ. ಅವರು ವಿಮಾನಯಾನ ಇಲಾಖೆಯ ಮೇಲಿನವರಿಗೆ ಬರೆದರು. ಏಪ್ರಿಲ್ ಕೊನೆಯಲ್ಲಿ ವಿಚಾರಣೆಯಾಯಿತು.

ವಿಚಾರಣೆ ನಡೆಸಿದವರು ನರಸಿಂಹಯ್ಯ ಎಂಬ ಹಿರಿಯ ಅಧಿಕಾರಿ, ನಿವೃತ್ತಿಗೆ ಹತ್ತಿರದವರು. ಉದ್ದ ಮೇಜಿನ ಒಂದು ಕಡೆ ವಿಮಾನ ಕಂಪನಿಯವರು, ವಿಜಯ್ ಕುಮಾರ್. ಇನ್ನೊಂದು ಕಡೆ ಸಂಯುಕ್ತಾ. ಅವರು ಬೇರೆ ಯಾರದೋ ಕುರ್ಚಿ ಎರವಲು ತಂದಿದ್ದರು. ಅದು ಅವರಿಗೆ ಅಗಲವಾಗಿತ್ತು. ದಾಕ್ಷಾಯಣಿಯನ್ನು ಬಾಗಿಲ ಪಕ್ಕ ಕೂರಿಸಿದರು. ಹಿಂದಿನ ದಿನ ವಿಜಯ್ ಕುಮಾರ್ ಅವಳಿಗೆ ಹೇಳಿದ್ದು ಇಷ್ಟೇ: "ಅಕ್ಕಾ, ಬರ್ದಿರೋದ್ನೇ ಏಳ್ಬಿಡು. ನಂಗೂ ಎರಡು ಮಕ್ಳು." ಹೆದರಿಸಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಕಷ್ಟವಾಗಿತ್ತು.

ನರಸಿಂಹಯ್ಯ ಹೇಳಿಕೆಯನ್ನು ಕನ್ನಡಕ್ಕೆ ಮಾಡಿ ಓದಿದರು. "ಇದು ನಿಮ್ಮ ಸಹಿಯೇ ಏನಮ್ಮಾ?"

"ಹೌದ್ರಿ."

ಸಂಯುಕ್ತಾ ಅವಳ ಕಡೆ ತಿರುಗಿದರು. "ನಾನು ಏನಂತ ಬೈದೆ ದಾಕ್ಷಾಯಣಿ ಅವ್ರೇ? ನನಗೆ ನೆನಪಿಲ್ಲ, ಅದಕ್ಕೆ ಕೇಳ್ತಿದೀನಿ."

ಅಣಕವಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದಾರೇನೋ ಎಂಬಂತೆ ಕೇಳಿದರು. ದಾಕ್ಷಾಯಣಿ ಏನಾದರೊಂದು ಬೈಗುಳ ಹುಡುಕಿದಳು. ಎಂಟು ವರ್ಷದಲ್ಲಿ ಪ್ರಯಾಣಿಕರು ಅವಳಿಗೆ ಅಂದ ಮಾತುಗಳಿಗೆ ಬರವಿರಲಿಲ್ಲ. ಅದರಲ್ಲೊಂದನ್ನು ಇವರ ಬಾಯಿಗೆ ಹಾಕಬಹುದಿತ್ತು. ಬದಲಿಗೆ ಖಾಲಿ ವಿಮಾನದಲ್ಲಿ 'ಕೂತ್ಕೊಳ್ಳಿ, ನಿಮಗೆ ಕಾಲು ನೋಯ್ತಿದೆ' ಎಂದದ್ದೇ ಕಿವಿಗೆ ಬರುತ್ತಿತ್ತು.

"ಬೈದಿಲ್ರಿ" ಎಂದಳು. "ಅವ್ರು ಯಾರಿಗೂ ಒಂದ್ ಮಾತು ಬೈದಿಲ್ಲ. ಕೂಡು ಅಂದ್ರು ನನಗ. ಹಾಳ್ಯಾಗ ಏನ್ ಬರದಿತ್ತೋ ನನಗ ಪೂರಾ ತಿಳೀಲಿಲ್ಲ. ಮನಿಗೆ ಹೋಗಿ ಮಗಳ್ನ ಕೇಳ್ದೆ. ತಿಳದ ಮ್ಯಾಲೂ ಸುಮ್ನಿದ್ದೆ, ಅದು ನನ್ನ ತಪ್ಪು. ಕುರ್ಚಿ ತರಾಕ ಹೇಳಾಕ ನಮ್ಮ ಕಡೆ ತಡ ಆತ್ರಿ. ಎತ್ತಿ ಕುಂಡ್ರಸ್ರಿ ಅಂತ ಹೇಳಿದ್ದೂ ಹೌದು."

ನರಸಿಂಹಯ್ಯ ನಿಧಾನವಾಗಿ ಬರೆದುಕೊಂಡರು. ವಿಜಯ್ ಕುಮಾರ್ ಮೇಜಿನ ಮೇಲೆ ತನ್ನ ಕೈಯನ್ನೇ ನೋಡುತ್ತ ಕೂತಿದ್ದ.

ಹೊರಗೆ ಬಂದಾಗ ಸಂಯುಕ್ತಾ ಧನ್ಯವಾದ ಹೇಳಲಿಲ್ಲ. "ಸೈನ್ ಹಾಕೋ ಮುಂಚೆ ಕೇಳ್ಬೇಕಿತ್ತು ನೀವು" ಎಂದರು. ದಾಕ್ಷಾಯಣಿ "ಹೌದ್ರಿ" ಎಂದಳು. ಇಬ್ಬರೂ ಲಿಫ್ಟಿಗೆ ಕಾದರು.

ವಿಮಾನ ಕಂಪನಿ ಹೊಸ ಚಕ್ರ ಹಾಕಿಸಿಕೊಟ್ಟು, ಕ್ಷಮೆ ಕೇಳಿ, ಜೊತೆಗೊಬ್ಬರು ಬೇಕೆಂಬ ಷರತ್ತನ್ನು ಹಿಂದಕ್ಕೆ ಪಡೆಯಿತು. ವಿಜಯ್ ಕುಮಾರನನ್ನು ಸಾಮಾನಿನ ವಿಭಾಗಕ್ಕೆ ಹಾಕಿದರು. ಅವನು ಒಂದು ತಿಂಗಳು ದಾಕ್ಷಾಯಣಿಯನ್ನು ಕಂಡರೆ ಮುಖ ತಿರುಗಿಸಿ ಹೋದ. ಆಮೇಲೊಂದು ದಿನ ಕ್ಯಾಂಟೀನಿನಲ್ಲಿ ಎದುರು ಬಂದು ಕೂತು, "ಕಾಲ್ ನೋವ್ ಎಂಗೈತಕ್ಕಾ?" ಎಂದ. ಪ್ರಯಾಣಿಕರ ಸ್ವಂತ ಕುರ್ಚಿ ಬಾಗಿಲಿಗೇ ಬರಬೇಕೆಂದು ಗೋಡೆಗೆ ಒಂದು ಹೊಸ ಸುತ್ತೋಲೆ ಅಂಟಿಸಿದರು. ಎರಡು ವಾರ ಅದರಂತೆ ನಡೆಯಿತು. ಈಗ ಒಮ್ಮೊಮ್ಮೆ ನಡೆಯುತ್ತದೆ, ಒಮ್ಮೊಮ್ಮೆ ಇಲ್ಲ. ಅಟೆಂಡರುಗಳು ಈಗಲೂ ಆರೇ ಜನ.

ಸುಳ್ಳು ಹೇಳಿಕೆಗೆ ಸಹಿ ಹಾಕಿದ್ದಕ್ಕೆ ದಾಕ್ಷಾಯಣಿಗೂ ಮೆಮೋ ಬಂತು. ಅದು ಅನ್ಯಾಯವೆಂದು ಮೊಯಿನುದ್ದೀನ್ ಸಿಟ್ಟಾದ, ಅವಳಿಗೆ ಹಾಗನಿಸಲಿಲ್ಲ. ವಿಮಾನದ ಕಡೆಯ ಕೆಲಸದಿಂದ ತೆಗೆದು ಹೊರಗೆ, ಕಾರುಗಳು ಬಂದು ನಿಲ್ಲುವ ಜಾಗಕ್ಕೆ ಹಾಕಿದರು. ಅಲ್ಲಿ ನಡೆಯುವುದು ಕಡಿಮೆ, ನಿಲ್ಲುವುದು ಹೆಚ್ಚು. ಬಿಸಿಲು, ಹೊಗೆ, ಹಾರ್ನು. ಹಿಮ್ಮಡಿಗೆ ಅದು ಇನ್ನೂ ಕೆಟ್ಟದ್ದೆಂದು ಡಾಕ್ಟರು ಹೇಳಿದರು. ಒಳಗೆ ಹಾಕಿರೆಂದು ಅರ್ಜಿ ಕೊಟ್ಟಿದ್ದಾಳೆ. ಉತ್ತರ ಬಂದಿಲ್ಲ.

ಜುಲೈನಲ್ಲಿ ಒಂದು ಬೆಳಿಗ್ಗೆ ಟ್ಯಾಕ್ಸಿಯೊಂದರಿಂದ ಸಂಯುಕ್ತಾ ಇಳಿದರು. ವಿಮಾನಕ್ಕೆ ಇನ್ನೂ ಮೂರೂವರೆ ಗಂಟೆಯಿತ್ತು.

"ಇಷ್ಟು ಬೇಗ ಯಾಕ್ ಬಂದ್ರಿ ಮೇಡಂ?"

"ಜೊತೆಗೊಬ್ರು ಬೇಕು ಅನ್ನೋ ಆ ಷರತ್ತು ಕಂಪ್ಯೂಟರಲ್ಲಿ ಇನ್ನೂ ಹಂಗೇ ಇದೆ. ಪ್ರತಿ ಸಲ ಕೇಳ್ತಾರೆ, ಪ್ರತಿ ಸಲ ತೋರಿಸ್ಬೇಕು." ಅವರು ಬ್ಯಾಗಿನಿಂದ ಪ್ಲಾಸ್ಟಿಕ್ ಕವರು ತೆಗೆದರು. ಕ್ಷಮೆ ಕೇಳಿದ ಪತ್ರದ ಮೂರು ಪ್ರತಿ ಅದರಲ್ಲಿದ್ದವು. "ಒಂದು ಗಂಟೆ ಇದಕ್ಕೇ ಅಂತ ಇಟ್ಕೊಂಡೇ ಮನೆ ಬಿಡ್ತೀನಿ."

ಮುಖದಲ್ಲಿ ನಿದ್ದೆಗೆಟ್ಟ ಕಳೆಯಿತ್ತು. ದಾಕ್ಷಾಯಣಿ ಅವರ ಸೂಟ್‌ಕೇಸನ್ನು ಇಳಿಸಿಕೊಂಡು ಬಾಗಿಲ ತನಕ ಪಕ್ಕದಲ್ಲೇ ನಡೆದಳು. ಇಳಿಜಾರು ಹತ್ತುವಾಗ ಸಂಯುಕ್ತಾರ ತೋಳು ನಡುಗಿದ್ದು ಕಂಡಿತು. "ಹಿಡೀಲ್ರಿ?" ಎಂದು ಕೇಳಿದಳು. "ಬೇಡ" ಎಂದರು ಅವರು. ಹತ್ತಿದ ಮೇಲೆ ಸ್ವಲ್ಪ ನಿಂತು ಉಸಿರು ತಗೊಂಡರು. ಅವಳೂ ನಿಂತಳು.

ಬಾಗಿಲಲ್ಲಿ ಸೂಟ್‌ಕೇಸನ್ನು ಒಳಗಿನ ಅಟೆಂಡರಿಗೆ ಒಪ್ಪಿಸಿ, "ಇವ್ರ ಕುರ್ಚೀಗೆ ವಿಮಾನದ ಬಾಗಿಲಿನ ಟ್ಯಾಗ್ ಹಾಕ್ಸಮ್ಮಾ, ದಿಂಬು ಅವ್ರ ಕೈಗೇ ಕೊಡು" ಎಂದು ಹೇಳಿದಳು. ಆ ಹುಡುಗಿ ತಲೆಯಾಡಿಸಿದಳು, ಕೇಳಿಸಿಕೊಂಡಳೋ ಇಲ್ಲವೋ. ಅಷ್ಟರಲ್ಲಿ ಹೊರಗೆ ಇನ್ನೊಂದು ಕಾರು ಬಂದು ನಿಂತು ಹಾರ್ನು ಹಾಕಿತು. ಮುಂದಿನ ಸೀಟಿನಲ್ಲಿದ್ದ ಮುದುಕರು ಬಾಗಿಲು ತೆರೆದು, ಒಂದು ಕಾಲನ್ನು ಮಾತ್ರ ಹೊರಗಿಟ್ಟು, ಯಾರಾದರೂ ಬರುವರೇ ಎಂದು ಅತ್ತಿತ್ತ ನೋಡುತ್ತಿದ್ದರು. ದಾಕ್ಷಾಯಣಿ ಒಂದು ಕುರ್ಚಿ ಎಳೆದುಕೊಂಡು ಅವರ ಕಡೆ ನಡೆದಳು.